ಅರ್ಧ ಸಿಲಿಂಡರ್ ಗಾಳಿ

"ಮಗ್ಗುಲಾಗು," ಎಂದಳು ದೋಲ್ಮೀರಾ.

"ಆಗ್ತಾ ಇದೀನಲ್ಲ ಅತ್ತೆ. ಈ ಕಾಲುಗಳಿಗೆ ನೀವೇ ಒಂದು ಮಾತು ಹೇಳಿ. ನನ್ನ ಮಾತು ಅವು ಕೇಳಲ್ಲ."

"ನಿನ್ನ ಮಾತು ಕೇಳಿದೋರು ಯಾರೂ ಉದ್ಧಾರ ಆಗಿಲ್ಲ ಬಿಡು. ಕಾಲಿಗಾದ್ರೂ ಬುದ್ಧಿ ಬಂತಲ್ಲ."

ನೆಲ್ಬರ್ಟ್ ಮಂಚದ ಅಂಚಿನ ಹಲಗೆಯನ್ನು ಎರಡೂ ಕೈಗಳಿಂದ ಹಿಡಿದು ಎದೆಯನ್ನು ಎಳೆದುಕೊಂಡ. ಸೊಂಟದಿಂದ ಮೇಲಿನದು ತಿರುಗಿತು, ಕೆಳಗಿನದು ಇದ್ದಲ್ಲೇ ಇತ್ತು. ದೋಲ್ಮೀರಾ ಅವನ ಎರಡೂ ಮೊಣಕಾಲುಗಳನ್ನು ಒಟ್ಟಿಗೆ ಹಿಡಿದು, ಹಿಟ್ಟಿನ ಮೂಟೆ ಹೊರಳಿಸುವಂತೆ ಗೋಡೆಯ ಕಡೆ ಹೊರಳಿಸಿದಳು. ಬೆನ್ನಿನ ಕೊನೆಯಲ್ಲಿ, ಮೂಳೆ ಚರ್ಮಕ್ಕೆ ತೀರ ಹತ್ತಿರ ಬರುವ ಕಡೆ, ಅಂಗೈಯಗಲದ ಹುಣ್ಣು. ಹಳೆಯ ಬಟ್ಟೆಯನ್ನು ಒಂದೇ ಸಲಕ್ಕೆ ಕಿತ್ತು, ಸೀಬೆ ಎಲೆ ಕುದಿಸಿದ ನೀರಿನಲ್ಲಿ ತೊಳೆಯತೊಡಗಿದಳು. ನೋವಾಗುತ್ತದೆಯೇ ಎಂದು ಅವಳು ಒಂದು ದಿನವೂ ಕೇಳಿದವಳಲ್ಲ. ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ವಾಸನೆ ಮಾತ್ರ ಇಬ್ಬರಿಗೂ ಬರುತ್ತಿತ್ತು.

"ಹೋದ ವಾರಕ್ಕಿಂತ ಚಿಕ್ಕದಾಗಿದೆ," ಎಂದಳು, ಯಾರ ಮೇಲೋ ದೂರು ಹೇಳುವ ದನಿಯಲ್ಲಿ.

"ನಿಮಗೆ ಬೇಜಾರಾಗಿರಬೇಕು."

"ಆಗದೆ ಏನು? ಲಿವಾ ನನ್ನ ಮಗನ್ನ ನುಂಗಿದ್ಲು. ನಿನ್ನನ್ನ ಬಾಯಿಗಿಟ್ಟು ನೋಡಿ ಉಗಿದ್ಲು. ಅಷ್ಟು ಕಹಿ ನೀನು. ಹುಣ್ಣಲ್ಲಿ ಹುಳಾನೂ ಬೀಳಲ್ಲ."

ಇದು ಹೊಸ ಮಾತಲ್ಲ. ನಾಲ್ಕು ವರ್ಷಗಳಿಂದ, ಮುಳುಗುವವರನ್ನು ಹಿಡಿಯುತ್ತಾಳೆಂದು ಊರು ನಂಬಿದ ಸಮುದ್ರದೊಳಗಿನ ಹೆಂಗಸು ಲಿವಾ ನೆಲ್ಬರ್ಟನನ್ನು ಉಗಿದು ದಡಕ್ಕೆ ಹಾಕಿದಾಗಿನಿಂದ, ಅವಳು ವಾರಕ್ಕೊಮ್ಮೆಯಾದರೂ ಹೀಗೆ ಹೇಳುತ್ತಿದ್ದಳು. ಅವನೂ ಅವಳು ಹೇಳಲೆಂದೇ ಕೆಣಕುತ್ತಿದ್ದ. ಸಮುದ್ರಕ್ಕೂ ಸರೋವರಕ್ಕೂ ನಡುವಿನ ಈ ಯುಲುತಾರಾ ಊರಿನಲ್ಲಿ ಮನೆ ಅಳಿಯ ಎಂದರೆ ಯಾರೂ ನಗುವುದಿಲ್ಲ. ಅಲ್ಲಿ ಎಲ್ಲ ಅಳಿಯಂದಿರೂ ಮನೆ ಅಳಿಯಂದಿರೇ. ಮದುವೆಯಾದವನು ತನ್ನ ಬಲೆ, ಹುಟ್ಟು ಹೊತ್ತುಕೊಂಡು ಹೆಂಡತಿಯ ತಾಯಿಯ ಅಂಗಳಕ್ಕೆ ಬರುತ್ತಾನೆ. ನೆಲ್ಬರ್ಟ್ ಬಂದಾಗ ಲಾಬ್‌ಸ್ಟರ್ ಹಡಗುಗಳಲ್ಲಿ ಅವನಿಗಿಂತ ಆಳಕ್ಕೆ ಮುಳುಗುವವರು ಈ ತೀರದಲ್ಲೇ ಇಬ್ಬರೋ ಮೂವರೋ. ಮನೆಗೆ ಹೊಸ ತಗಡು ಹೊದಿಸಿದವನು ಅವನು. ಈ ಮಂಚ ಮಾಡಿದವನೂ ಅವನೇ.

ಹೆಂಡತಿ ಓರ್ಫಿಲಿಯಾ ಎರಡು ವರ್ಷಗಳಿಂದ ದ್ವೀಪದ ಏಡಿ ಕಾರ್ಖಾನೆಯಲ್ಲಿದ್ದಾಳೆ. ಮೂರು ತಿಂಗಳಿಗೊಮ್ಮೆ ಬರುತ್ತಾಳೆ, ಅವನ ಕೂದಲು ಕತ್ತರಿಸುತ್ತಾಳೆ, ಅಳುತ್ತಾಳೆ, ಹೋಗುತ್ತಾಳೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಇವರಿಬ್ಬರೇ. ಚರ್ಚಿನವರು ಕೊಟ್ಟ ಗಾಲಿಕುರ್ಚಿ ಮೊದಲ ದಿನವೇ ಮರಳಿನಲ್ಲಿ ಅಚ್ಚಿನವರೆಗೆ ಹೂತುಹೋಗಿತ್ತು. ಈಗ ಅದರಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತು.

ದೋಲ್ಮೀರಾ ಬಟ್ಟೆ ಕಟ್ಟಿ ಮುಗಿಸಿ, ಹಳೆಯ ಲಾರಿ ಟ್ಯೂಬನ್ನು ಅವನ ಸೊಂಟದ ಕೆಳಗೆ ತಳ್ಳುತ್ತಿದ್ದಾಗ ಮೆಟ್ಟಿಲ ಬಳಿ ದನಿ ಕೇಳಿಸಿತು.

"ಅಜ್ಜೀ, ಬರಬಹುದಾ?"

ಪಟ್ಟಣದ ಆರೋಗ್ಯ ಕೇಂದ್ರದ ಹುಡುಗಿ, ಅರ್ಲಿಂಡಾ. ಸರೋವರದ ಆಚೆಯಿಂದ ಬೆಳಗಿನ ದೋಣಿಯಲ್ಲಿ ಬಂದಿದ್ದಳು. ಪ್ಯಾಂಟಿನ ತುದಿ ಒದ್ದೆಯಾಗಿತ್ತು, ಬಗಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಗದಗಳು. ಈ ಸಾಲಿನ ಹದಿನೇಳು ಮನೆಗಳಲ್ಲಿ ಐದರಲ್ಲಿ ಹೀಗೆ, ಆಳಕ್ಕೆ ಮುಳುಗಿ ಕಾಲು ಬಿದ್ದು ಮಲಗಿದ ಗಂಡಸರಿದ್ದರು. ಅವಳು ಮೂರು ಮುಗಿಸಿ ಇಲ್ಲಿಗೆ ಬಂದಿದ್ದಳು.

"ಔಷಧಿ ತಂದಿದೀಯಾ ತಾಯಿ?" ಎಂದಳು ದೋಲ್ಮೀರಾ.

"ಸ್ವಲ್ಪ ಹತ್ತಿ, ಎರಡು ಮೂತ್ರದ ಕೊಳವೆ ತಂದಿದೀನಿ ಅಜ್ಜಿ. ಜೊತೆಗೆ ಈ ಪ್ರಶ್ನೆಗಳು. ಅಣ್ಣಂಗೆ ಕೇಳ್ಬೇಕು. ಇಪ್ಪತ್ತಾರೇ ಇರೋದು."

"ಹತ್ತಿ ಸ್ವಲ್ಪ, ಪ್ರಶ್ನೆ ಇಪ್ಪತ್ತಾರು," ಎಂದು ದೋಲ್ಮೀರಾ ಒಲೆಯ ಕಡೆ ಹೋದಳು.

ಅರ್ಲಿಂಡಾ ಪೆಟ್ಟಿಗೆಯ ಮೇಲೆ ಕೂತು ಕಾಗದಗಳನ್ನು ತೊಡೆಯ ಮೇಲೆ ನೇವರಿಸಿಕೊಂಡಳು. "ಒಂದು ಅಂದ್ರೆ ತೀರ ಕೆಟ್ಟದು, ಐದು ಅಂದ್ರೆ ತುಂಬ ಒಳ್ಳೇದು, ಅಣ್ಣ. ನಿಮಗೆ ಅನ್ಸಿದ್ದು ಹೇಳಿ. ಕಳೆದ ಎರಡು ವಾರದಲ್ಲಿ ನಿಮ್ಮ ಬದುಕು ಹೇಗಿತ್ತು ಅನ್ನಿಸ್ತದೆ?"

"ಐದು."

ಒಲೆಯ ಕಡೆಯಿಂದ ಮೂಗಿನಲ್ಲಿ ನಕ್ಕ ಸದ್ದು ಬಂತು.

"ನಿದ್ದೆ?"

"ಐದು."

"ನಿದ್ದೇಲಿ ಹಲ್ಲು ಕಡೀತಾನೆ," ಎಂದಳು ದೋಲ್ಮೀರಾ. "ಸಿಮೆಂಟಲ್ಲಿ ಸಲಿಕೆ ಎಳೆದ ಹಾಗೆ. ಅದಕ್ಕೆಷ್ಟು ಕೊಡ್ತೀಯ ತಾಯಿ?"

"ಅಜ್ಜಿ, ಅಣ್ಣನೇ ಹೇಳ್ಬೇಕು," ಎಂದು ಹುಡುಗಿ ಮೆಲ್ಲಗೆ ಅಂದಳು. "ನಿಮ್ಮ ದೇಹ ಈಗ ಇರೋ ಹಾಗೆ, ಅದನ್ನ ಒಪ್ಪಿಕೊಳ್ಳೋಕೆ ಆಗತ್ತಾ?"

"ಮೇಲಿನರ್ಧ ಐದು. ಕೆಳಗಿನರ್ಧ ನಮ್ಮತ್ತೆಯದು. ಅವರನ್ನೇ ಕೇಳು."

ಹುಡುಗಿ ಏನು ಬರೆಯಬೇಕೆಂದು ತಿಳಿಯದೆ ಪೆನ್ನಿನ ತುದಿ ಕಚ್ಚಿದಳು. ಮುಂದಿನ ಪ್ರಶ್ನೆ ಓದುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿದಳು. "ಬದುಕೋದು ಬೇಡ ಅಂತ ಯಾವತ್ತಾದ್ರೂ ಅನ್ನಿಸಿದ್ಯಾ?"

ನೆಲ್ಬರ್ಟ್ ಮೇಲೆ ಸೂರಿನ ಕಡೆ ನೋಡಿದ. ತಗಡಿನ ಮೇಲೆ ತೆಂಗಿನ ಗರಿ ಕೆರೆಯುತ್ತಿತ್ತು.

"ಹೋದ ವರ್ಷ ಮೂರು ದಿನ ನೀರು ಕುಡೀಲಿಲ್ಲ," ಎಂದಳು ದೋಲ್ಮೀರಾ, ಬಾಳೆಕಾಯಿ ಕಿವುಚುವುದನ್ನು ನಿಲ್ಲಿಸದೆ. "ಬಾಯಿ ಬಿಗಿಹಿಡ್ಕೊಂಡು ಮಲಗಿದ್ದ, ದೊಡ್ಡ ಶೂರ. ಮೂಗು ಹಿಡಿದೆ. ಎಷ್ಟು ಹೊತ್ತು ಉಸಿರು ಕಟ್ತಾನೆ ನೋಡೋಣ ಅಂತ. ಮುಳುಗೋ ಮನುಷ್ಯ ಅಲ್ವಾ, ತುಂಬಾ ಹೊತ್ತು ಕಟ್ಟಿದ. ಆಮೇಲೆ ಬಾಯಿ ತೆರೆದ. ಹುಯ್ದೆ. ಬರ್ಕೋ."

"ಬರ್ಕೊಂಡು ಐದು ಹಾಕು," ಎಂದ ನೆಲ್ಬರ್ಟ್. "ಮನೆಯವರ ಬೆಂಬಲ ಅಂತ ಒಂದು ಇರ್ಬೇಕಲ್ಲ ಅದರಲ್ಲಿ. ಅದಕ್ಕೂ ಐದು. ಇಂಥ ಅತ್ತೆ ಈ ಸೀಮೇಲೇ ಇಲ್ಲ."

"ಸೊನ್ನೆ ಇದ್ರೆ ಸೊನ್ನೆ ಹಾಕು ತಾಯಿ," ಎಂದಳು ದೋಲ್ಮೀರಾ. "ಇವನಿಗೆ ಬೆಂಬಲ ಕೊಟ್ಟೆ ಅಂತ ಕಾಗದದಲ್ಲಿ ಇದ್ರೆ ನಂಗೆ ಅವಮಾನ."

ಅರ್ಲಿಂಡಾ ನಗಬೇಕೋ ಬೇಡವೋ ಎಂದು ಇಬ್ಬರನ್ನೂ ನೋಡಿದಳು. ಇಬ್ಬರ ಮುಖದಲ್ಲೂ ನಗೆಯಿರಲಿಲ್ಲ. ಅವಳು ಮುಂದಿನ ಹಾಳೆ ತಿರುಗಿಸಿದಳು.

"ಆ ದಿನ ಏನಾಯ್ತು ಅನ್ನೋದನ್ನ ಯಾರ ಹತ್ರನಾದ್ರೂ ಮನಸ್ಸು ಬಿಚ್ಚಿ ಮಾತಾಡಿದೀರಾ?"

ಒಲೆಯ ಬಳಿ ಕಿವುಚುವ ಸದ್ದು ನಿಂತಿತು. ದೋಲ್ಮೀರಾ ಸೌಟು ಹಿಡಿದೇ ಬಾಗಿಲಲ್ಲಿ ಬಂದು ನಿಂತಳು. ಸೌಟಿನಿಂದ ವಾಬುಲ್, ಆ ಬಾಳೆಕಾಯಿ ಗಂಜಿ, ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತೆಂಗಿನ ಹಾಲಿನ ಬಿಸಿ ವಾಸನೆ ಕೋಣೆಯೊಳಗೆ ಬಂತು.

"ಇದು ಒಳ್ಳೆ ಪ್ರಶ್ನೆ," ಎಂದಳು. "ಇದನ್ನ ನಾನೂ ಕೇಳಿದೀನಿ. ಮೊದಲ ವರ್ಷ ದಿನಾ ಕೇಳಿದೆ. ಗೋಡೆ ಕಡೆ ತಿರುಗ್ತಾ ಇದ್ದ. ಆ ಹಡಗಲ್ಲಿ ನನ್ನ ಮಗನೂ ಇದ್ದ ತಾಯಿ. ಹೆಸ್ಟನ್. ಹತ್ತೊಂಬತ್ತು ವರ್ಷ. ಬೇಡ ಅಂದೆ. ನಾನು ನೋಡ್ಕೋತೀನಿ ಅತ್ತೆ ಅಂತ ಇವನೇ ಕರ್ಕೊಂಡು ಹೋದ. ಇವನು ಅರ್ಧ ಬಂದ. ಅವನು ಲಾಬ್‌ಸ್ಟರ್ ಇಡೋ ಐಸಿನ ಗೂಡಲ್ಲಿ ಬಂದ."

"ಅಜ್ಜಿ, ಕೂತ್ಕೊಳ್ಳಿ."

"ಕ್ಯಾಪ್ಟನ್ ಏನಂದ ಗೊತ್ತಾ? ಅವತ್ತಿನ ಕೆಲಸ ಮುಗಿದಿತ್ತು, ಹುಡುಗ ಮೇಲೆ ಬಂದಿದ್ದ, ಇನ್ನೂ ನಾಲ್ಕು ಸಿಗ್ತದೆ ಅಂತ ಹೇಳ್ದೆ ಕೇಳ್ದೆ ಮತ್ತೆ ಇಳಿದ ಅಂತ. ಆಸೆಗೆ ಸತ್ತ ಅಂತ. ಪಾದ್ರಿ ಗುಂಡಿ ಮುಂದೆ ನಿಂತ್ಕೊಂಡು ಅದನ್ನೇ ಹೇಳಿದ್ರು. ಹುಡುಗರು ಸಮುದ್ರಕ್ಕೆ ಹೊರಟ್ರೆ ತಾಯಂದಿರು ಈಗ್ಲೂ ಹೇಳ್ತಾರೆ, ಹೆಸ್ಟನ್ ತರ ಮಾಡ್ಬೇಡ ಕಣೋ ಅಂತ. ಹಾಗಂದ ಒಬ್ಬಂಗೆ ನಾನು ಹುಟ್ಟಲ್ಲಿ ಹೊಡೆದಿದೀನಿ. ಭುಜ ಮುರೀತು." ಅವಳು ಸೌಟಿನ ಕಡೆ ನೋಡಿದಳು. "ಈಗ ಹೊಡೆಯಲ್ಲ. ನಾಲ್ಕು ವರ್ಷ ಒಬ್ಬಳೇ ಎಷ್ಟು ಅಂತ ಜಗಳ ಆಡೋದು? ನಿಜ ಇರಬಹುದು ತಾಯಿ. ಚಿಕ್ಕವನಿದ್ದಾಗ್ಲೂ ಎರಡು ಸಲ ಬಡಿಸ್ಕೋತಿದ್ದ. ನನ್ನ ಮಗಂಗೆ ಆಸೆ ಜಾಸ್ತಿ. ಹಾಗೇ ಬರ್ಕೋ."

"ಸುಳ್ಳು," ಎಂದ ನೆಲ್ಬರ್ಟ್.

ದೋಲ್ಮೀರಾ ಅವನತ್ತ ತಿರುಗಲೂ ಇಲ್ಲ. "ಹಾಗೇ ಬರ್ಕೋ ತಾಯಿ, ಆಸೆಬುರುಕ."

"ಸುಳ್ಳು ಅಂತಾ ಇದೀನಲ್ಲ! ಬಾಯಿ ಮುಚ್ಚು ನೀನು! ಅವನಲ್ಲ, ನಾನು. ಆಸೆಗೆ ಕೂತೋನು ನಾನು. ಅವನು ನನಗೋಸ್ಕರ ಇಳಿದ!"

ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ನೀನು ಎಂದಿದ್ದು ಇದೇ ಮೊದಲು. ಎಂಥ ಕೊಳಕು ಮಾತಿಗೂ ನೀವು ಸೇರಿಸಿಯೇ ಆಡುತ್ತಿದ್ದವನು.

ಆಮೇಲೆ ಅವನು ಹೇಳಿದ. ಅರ್ಧ ಹುಡುಗಿಗೆ, ಅರ್ಧ ಗೋಡೆಗೆ ಹೇಳಿದ. ಹಡಗು ಹೊರಟು ಹನ್ನೆರಡನೆಯ ದಿನ. ಮೇಲಿನ ಬಂಡೆಗಳಲ್ಲಿ ಏನೂ ಉಳಿದಿರಲಿಲ್ಲ. ಇಪ್ಪತ್ತೆರಡು ಮಾರು ಆಳಕ್ಕೆ ಹೋಗಬೇಕಾಗಿತ್ತು. ಆ ದಿನ ಅವನದು ಅದು ಹನ್ನೊಂದನೆಯ ಸಿಲಿಂಡರ್. ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಯಾರ ಬಳಿಯೂ ಇರಲಿಲ್ಲ, ಎಳೆದಾಗ ಗಾಳಿ ಗಟ್ಟಿಯಾದರೆ ಮುಗಿಯಿತೆಂದು ಅರ್ಥ. ಗಟ್ಟಿಯಾಯಿತು. ಆದರೆ ಒಂದು ಬಂಡೆಯ ಅಡಿಯಲ್ಲಿ, ಮದುವೆ ಮನೆಯ ಚಪ್ಪಲಿಗಳ ಹಾಗೆ ಒತ್ತೊತ್ತಾಗಿ ಲಾಬ್‌ಸ್ಟರುಗಳು. ಆ ಆಳದಲ್ಲಿ ತಲೆಗೊಂದು ಅಮಲು ಏರುತ್ತದೆ. ಹೋಗಬೇಕೆನ್ನಿಸುವುದೇ ಇಲ್ಲ. ಅವನು ಒಂದೊಂದನ್ನೇ ಚೀಲಕ್ಕೆ ತುಂಬುತ್ತ ಕೂತ.

"ಹೆಸ್ಟನ್ ಆಗ್ಲೇ ಮೇಲೆ ಹೋಗಿದ್ದ. ದೋಣೀಲಿ ಕೂತು ಬಿಸ್ಕತ್ತು ತಿಂತಾ ಇದ್ನಂತೆ. ನನ್ನ ಗುಳ್ಳೆ ಬರೋದು ನಿಂತದ್ದು ನೋಡಿದಾನೆ. ದೋಣೀಲಿ ಯಾರೋ ಬಳಸಿ ಬಿಟ್ಟ ಸಿಲಿಂಡರ್ ಒಂದಿತ್ತು. ಅದನ್ನೇ ಬೆನ್ನಿಗೆ ಹಾಕ್ಕೊಂಡು ಬಂದ. ಬಾಯಿಯಿಂದ ಬಾಯಿಗೆ ಕೊಡ್ತಾ, ಒಂದು ಉಸಿರು ನಂಗೆ, ಒಂದು ಉಸಿರು ಅವನಿಗೆ... ಅರ್ಧ ದಾರಿ ಬಂದ್ವಿ. ಆಮೇಲೆ ಅವನು ಸಿಲಿಂಡರ್ ಬಿಚ್ಚಿ ನನ್ನ ಕೊರಳಿಗೆ ಹಾಕಿ ಬರಿ ಉಸಿರಲ್ಲಿ ಮೇಲಕ್ಕೆ ಹೋದ. ಅಷ್ಟು ಬೇಗ ಹೋಗಬಾರದು, ರಕ್ತದಲ್ಲಿ ಗುಳ್ಳೆ ಏಳತ್ತೆ. ಯಾರೂ ಹೋಗಬಾರದು ಅಂತ ನಾನೇ ಅವನಿಗೆ ಕಲಿಸಿದ್ದೆ. ನಾನು ದೋಣಿ ಹತ್ತಿದಾಗ ಅವನ ಮೂಗಲ್ಲಿ, ಕಿವೀಲಿ ರಕ್ತ. ಎರಡು ಗಂಟೆ ಇದ್ದ. ನನ್ನ ಕಾಲು ಸಂಜೆ ಬಿತ್ತು."

"ದೋಣಿಯವನು ನೋಡಿರಬೇಕಲ್ಲ?" ಎಂದಳು ಅರ್ಲಿಂಡಾ, ಪಿಸುದನಿಯಲ್ಲಿ.

"ಅವನು ದಕ್ಷಿಣದ ಕಡೆಯೋನು. ಮತ್ತೆ ಈ ತೀರಕ್ಕೆ ಬರಲೇ ಇಲ್ಲ. ಆಸ್ಪತ್ರೆಯ ಒತ್ತಡದ ಕೋಣೆಯಿಂದ ನನ್ನನ್ನ ಹೊರಗೆ ತರೋ ಹೊತ್ತಿಗೆ ಇಲ್ಲಿ ಮಣ್ಣು ಮಾಡಿ ಆಗಿತ್ತು. ಕಥೆಯೂ ಗಟ್ಟಿಯಾಗಿತ್ತು. ನಾಳೆ ಹೇಳೋಣ ಅಂದ್ಕೊಂಡೆ."

ದೋಲ್ಮೀರಾ ಕದಲದೆ ನಿಂತಿದ್ದಳು. ಸೌಟಿನಿಂದ ಬೀಳುವುದೆಲ್ಲ ಬಿದ್ದು ಮುಗಿದಿತ್ತು.

"ಎಷ್ಟಿತ್ತು ಅದರಲ್ಲಿ?" ಎಂದು ಕೇಳಿದಳು.

"ಯಾವುದರಲ್ಲಿ?"

"ಸಿಲಿಂಡರಲ್ಲಿ. ಗಾಳಿ."

"ಅರ್ಧ ಇರಬೇಕು. ಅದಕ್ಕಿಂತ ಕಮ್ಮಿ."

ಅವಳು ಒಲೆಯ ಬಳಿ ಹೋಗಿ ಸೌಟನ್ನು ಪಾತ್ರೆಯಲ್ಲಿಟ್ಟಳು. ಹುಣ್ಣು ತೊಳೆದ ನೀರಿನ ಬೋಗುಣಿಯನ್ನು ಎತ್ತಿ ಕಿಟಕಿಯಿಂದ ಹೊರಗೆ ಚೆಲ್ಲಿದಳು. ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡು, ಮೆಟ್ಟಿಲಿಳಿದು ಹೋದಳು. ಒಂದು ಬೈಗುಳವೂ ಇಲ್ಲ. ಹುಡುಗಿ ಎದ್ದು ಬಾಗಿಲವರೆಗೆ ಹೋಗಿ ವಾಪಸು ಬಂದಳು.

"ಎಲ್ಲಿಗೆ ಹೋದ್ರು ಅಣ್ಣ?"

"ಹುಟ್ಟು ತರೋಕೆ ಇರಬೇಕು," ಎಂದ ನೆಲ್ಬರ್ಟ್. ನಗಲು ನೋಡಿದ, ಆಗಲಿಲ್ಲ.

ಅರ್ಲಿಂಡಾ ಸ್ವಲ್ಪ ಹೊತ್ತು ಕೂತಳು. ಹತ್ತಿ ಮತ್ತು ಕೊಳವೆಗಳನ್ನು ಪೆಟ್ಟಿಗೆಯ ಮೇಲೆ ಜೋಡಿಸಿದಳು, ಮೂತ್ರದ ಚೀಲ ನೋಡಿದಳು, ಅವನ ಕೈಗೆಟುಕುವಂತೆ ನೀರಿಟ್ಟಳು. ಉಳಿದ ಪ್ರಶ್ನೆಗಳನ್ನು ಕೇಳಲಿಲ್ಲ. ಮಧ್ಯಾಹ್ನದ ದೋಣಿ ತಪ್ಪಿದರೆ ಇನ್ನು ನಾಳೆಯೇ ಎಂದು ಮೂರು ಸಲ ಹೇಳಿ, ಕೊನೆಗೆ ಅವನೇ ಹೋಗು ಎಂದ ಮೇಲೆ ಹೋದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಚರ್ಚಿನ ಗಂಟೆ ಹೊಡೆಯತೊಡಗಿತು. ಅದು ಪ್ರಾರ್ಥನೆಯ ಹೊತ್ತಲ್ಲ. ಯುಲುತಾರಾದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆದರೆ ದೋಣಿ ಮುಳುಗಿದೆ ಎಂದು ಅರ್ಥ. ಮನೆಗಳಿಂದ ಜನ ಓಡುವ ಸದ್ದು, ಹೆಂಗಸರು ಮಕ್ಕಳನ್ನು ಕರೆಯುವ ಕೂಗು ಕೇಳಿಸಿತು. ಗಂಟೆ ನಿಲ್ಲಲಿಲ್ಲ. ಹಗ್ಗ ಎಳೆಯುವ ಕೈಗೆ ಅಭ್ಯಾಸವಿಲ್ಲ ಎಂಬುದು ಗೊತ್ತಾಗುತ್ತಿತ್ತು. ಎರಡು ಹೊಡೆತ ಒಟ್ಟೊಟ್ಟಿಗೆ, ಮತ್ತೆ ತಡವಾಗಿ ಒಂದು. ಆಮೇಲೆ ನಿಂತಿತು. ನಿಂತ ಮೇಲೆ ಬಹಳ ಹೊತ್ತು ಊರಿನಲ್ಲಿ ನಾಯಿಯ ಸದ್ದೂ ಇರಲಿಲ್ಲ.

ಅವನನ್ನು ಮಗ್ಗುಲು ಬದಲಾಯಿಸಬೇಕಾದ ಹೊತ್ತು ದಾಟಿತು. ಚೀಲ ತುಂಬಿತು. ಅವನು ತಾನೇ ಹಲಗೆ ಹಿಡಿದು ಎದೆ ತಿರುಗಿಸಿ, ಪ್ಯಾಂಟಿನ ಬಟ್ಟೆ ಹಿಡಿದು ಒಂದೊಂದೇ ಕಾಲನ್ನು ಎಳೆದುಕೊಂಡ. ಎಡಗಾಲು ಬಂತು, ಬಲಗಾಲು ಟ್ಯೂಬಿಗೆ ಸಿಕ್ಕಿಕೊಂಡಿತು. ಹಾಗೇ ತಿರುಚಿಕೊಂಡು ಮಲಗಿದ.

ಇಳಿ ಮಧ್ಯಾಹ್ನ ಕೆಳಗಿನಿಂದ, ಕಂಬಗಳ ನಡುವಿನಿಂದ ದನಿ ಬಂತು. ದೋಲ್ಮೀರಾಳ ತಂಗಿ. ನೆಲದ ಹಲಗೆಗಳ ಸಂದಿನಲ್ಲಿ ಅವಳ ಬಿಳಿ ಕೂದಲು ಕಾಣುತ್ತಿತ್ತು.

"ಬದುಕಿದೀಯಾ?"

"ಇದೀನಿ, ಚಿಕ್ಕತ್ತೆ."

"ನಾಚಿಕೆ ಇಲ್ಲ. ಯಾರ ಉಸಿರು ಎಳೀತಾ ಇದೀಯ ಗೊತ್ತಾ? ನನ್ನ ಅಕ್ಕನ ಕೈಯಲ್ಲಿ ನಾಲ್ಕು ವರ್ಷ ಹೇಲು ಬಾಚಿಸ್ಕೊಂಡೆ, ಒಂದು ಮಾತು ಹೇಳ್ಲಿಲ್ಲ. ಹಾವಾದ್ರೂ ಕಚ್ಚೋ ಮೊದ್ಲು ಬುಸ್ ಅನ್ನತ್ತೆ."

ಅವನು ಹಲಗೆಯ ಸಂದಿನಿಂದ ಮುಖ ತಿರುಗಿಸಿದ.

"ಇಡೀ ಊರು ದೋಣಿ ಮುಳುಗ್ತು ಅಂತ ಓಡಿ ಬಂದ್ರೆ, ಇವಳು ಚರ್ಚಿನ ಮೆಟ್ಟಿಲ ಮೇಲೆ ನಿಂತಿದಾಳೆ. ನನ್ನ ಮಗ ಆಸೆಗೆ ಸಾಯ್ಲಿಲ್ಲ, ಮನುಷ್ಯನ್ನ ತರೋಕೆ ಹೋಗಿ ಸತ್ತ, ಯಾರಾದ್ರೂ ಇನ್ನೊಂದು ಸಲ ಅಂದ್ರೆ ಈ ಸಲ ಭುಜ ಅಲ್ಲ ತಲೆ ಅಂದ್ಲು. ಪಾದ್ರಿಗೆ, ಗುಂಡಿ ಮುಂದೆ ಹೇಳಿದ್ದನ್ನ ಬರೋ ಭಾನುವಾರ ನೀವೇ ವಾಪಸು ತಗೋಬೇಕು ಅಂದ್ಲು. ಆ ಮನುಷ್ಯ ಟೋಪಿ ತೆಗೆದು ನಿಂತಿದ್ರು. ನಿನ್ನ ಹೆಸರು ಮಾತ್ರ ಎತ್ತಲಿಲ್ಲ, ಆದ್ರೂ ತಂದದ್ದು ಯಾರನ್ನ ಅಂತ ಎಲ್ರಿಗೂ ಗೊತ್ತಾಯ್ತು. ಯಾಕೆ ಎತ್ತಲಿಲ್ಲ ಅಂತ ನಂಗೆ ಅರ್ಥ ಆಗ್ಲಿಲ್ಲ. ನಾನಾಗಿದ್ರೆ ಹಾಸಿಗೆ ಸಮೇತ ಸರೋವರಕ್ಕೆ ಎಸೀತಿದ್ದೆ."

"ಚಿಕ್ಕತ್ತೆ, ಬಲಗಾಲು ಸ್ವಲ್ಪ..."

"ನಿನ್ನ ಕಾಲು ನಿಂಗೆ," ಎಂದು ಅವಳು ಹೋದಳು.

ದೋಲ್ಮೀರಾ ಬಂದಾಗ ಬೆಳಕಿನ್ನೂ ಇತ್ತು. ಬಂದವಳೇ ಬಲಗಾಲನ್ನು ಬಿಡಿಸಿದಳು, ಚೀಲ ಖಾಲಿ ಮಾಡಿದಳು, ಅವನನ್ನು ಹೊರಳಿಸಿದಳು. ಹುಣ್ಣಿನ ಬಟ್ಟೆ ಬದಲಾಯಿಸಿದಳು. ತಣ್ಣಗಾದ ವಾಬುಲನ್ನು ಬಟ್ಟಲಿಗೆ ಹಾಕಿ ಅವನ ಎದೆಯ ಬಳಿ ಇಟ್ಟಳು. ಕೈಗಳು ಎಂದಿನಷ್ಟೇ ಒರಟು, ಎಂದಿನಷ್ಟೇ ಚುರುಕು. ಬಾಯಿ ಮಾತ್ರ ತೆರೆಯಲಿಲ್ಲ. ಅವನು ಕಾದ. ಅವಳು ತನ್ನ ಚಾಪೆ ಹಾಸಿಕೊಂಡಳು.

"ಅತ್ತೆ," ಎಂದ. "ಏನಾದ್ರೂ ಅನ್ನಿ."

ಅವಳು ಅವನಿಗೆ ಬೆನ್ನು ಹಾಕಿ ಮಲಗಿದಳು.

ಬೆಳಿಗ್ಗೆ ಅವಳು ಲಾರಿ ಟ್ಯೂಬನ್ನು ಅವನ ಸೊಂಟಕ್ಕೆ ಹಗ್ಗದಿಂದ ಕಟ್ಟಿದಳು. ಮಂಚದಿಂದ ಇಳಿಸಿ, ಬಾಗಿಲವರೆಗೆ ಕಂಕುಳಿಗೆ ಕೈ ಹಾಕಿ ಎಳೆದಳು. ತಾನು ಮೆಟ್ಟಿಲಿಳಿದು ಕೆಳಗೆ ನಿಂತಳು.

"ಇಳಿ."

ಒಂಬತ್ತು ಮೆಟ್ಟಿಲು. ಅವನು ಕೈಯೂರಿ ಕುಂಡೆಯ ಮೇಲೆ ಒಂದೊಂದೇ ಇಳಿದ. ಕಾಲುಗಳು ಮುಂದೆ ಮುಂದೆ ಬಡಿದುಕೊಂಡು ಹೋದವು. ಕೆಳಗೆ ಅವಳು ಹರಿದ ಹಾಯಿಬಟ್ಟೆ ಹಾಸಿದ್ದಳು. ಅದರ ಮೇಲೆ ಅವನನ್ನು ಕೂರಿಸಿ, ಎರಡು ತುದಿಗಳನ್ನು ಹೆಗಲಿಗೆ ಹಾಕಿಕೊಂಡು ಮರಳಿನ ಮೇಲೆ ಎಳೆಯತೊಡಗಿದಳು. ಅರವತ್ತೊಂದು ವರ್ಷದ ಹೆಂಗಸು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಸಾಲಿನ ಮನೆಗಳ ಜಗಲಿಗಳಲ್ಲಿ ಜನ ನಿಂತು ನೋಡಿದರು. ಯಾರೋ ಒಬ್ಬ "ಹಾಗೇ ಎಳ್ಕೊಂಡು ಹೋಗಿ ಬಿಸಾಕು ದೋಲ್ಮೀರಾ" ಎಂದ. ಇನ್ನೊಬ್ಬ ಕೈ ಜೋಡಿಸಲು ಇಳಿದು ಬಂದ.

"ಮುಟ್ಬೇಡ," ಎಂದಳು. ಅವನು ಅಲ್ಲೇ ನಿಂತ.

ಅವನನ್ನು ದೋಣಿಯೊಳಗೆ ಉರುಳಿಸಿದ್ದು ಹೇಗೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರೂ ಏದುಸಿರು ಬಿಡುತ್ತಿದ್ದರು. ಅವಳು ಹಿಂದೆ ಕೂತು ಹುಟ್ಟು ಹಾಕಿದಳು. ದೋಣಿಯ ತಳದಿಂದ ನೀರು ಬರುತ್ತಿತ್ತು. ಅವನು ಸೋರೆ ಬುರುಡೆಯಿಂದ ಎತ್ತಿ ಚೆಲ್ಲತೊಡಗಿದ. ನಾಲ್ಕು ವರ್ಷಗಳಲ್ಲಿ ಅವನು ನೀರಿನ ಮೇಲೆ ಬಂದದ್ದು ಇದೇ ಮೊದಲು. ಸರೋವರ ಬೆಳಗಿನ ಹೊತ್ತಿಗೆ ಚಹಾದ ಬಣ್ಣಕ್ಕಿತ್ತು.

ದಡ ದೂರವಾದ ಮೇಲೆ ಅವಳು ಮಾತಾಡಿದಳು.

"ಹೆದರಿಕೆ ಆಗ್ತಾ ಇದ್ಯಾ?"

"ಇಲ್ಲ."

"ಆಗಬೇಕು."

ಅವನು ನೀರು ಚೆಲ್ಲಿದ.

"ಕೊನೇಲಿ ಏನು ಮಾಡಿದ?" ಎಂದು ಕೇಳಿದಳು. "ನೀರೊಳಗೆ. ನಿನ್ನ ಬಿಟ್ಟು ಹೋಗೋ ಮುಂಚೆ."

"ನಂಗೆ ಅಮಲು ಏರಿತ್ತು. ಅವನು ಗಾಳಿ ಬಾಯಿಗಿಟ್ರೆ ನಾನು ಉಗುಳ್ತಾ ಇದ್ದೆ. ಎರಡು ಸಲ ಇಟ್ಟ, ಎರಡು ಸಲ ಉಗಿದೆ. ಮೂರನೇ ಸಲ ಕೆನ್ನೆಗೆ ಒಂದು ಬಿಟ್ಟ."

ಹುಟ್ಟು ನೀರಿನೊಳಗೇ ನಿಂತಿತು. "ಹೊಡೆದ್ನಾ?"

"ಹೊಡೆದ."

"ನಿನಗೆ? ಅವನು?"

"ಹ್ಞೂಂ. ಆಮೇಲೆ ಬಾಯಿಗೆ ತುರುಕಿ, ಗದ್ದ ಒತ್ತಿ ಹಿಡಿದ. ನಾನು ಎಳೆದುಕೊಳ್ಳೋವರೆಗೂ ಬಿಡಲಿಲ್ಲ."

"ಗಟ್ಟಿಯಾಗಿ ಹೊಡೆದ್ನಾ?"

"ನೀರಲ್ಲಿ ಎಷ್ಟು ಗಟ್ಟಿಯಾಗತ್ತೆ ಅತ್ತೆ."

ಅವಳು ಮತ್ತೆ ಹುಟ್ಟು ಹಾಕತೊಡಗಿದಳು. ನಾಲ್ಕು ಎಳೆತ, ಐದು ಎಳೆತ. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ.

"ಇನ್ನೂ ಗಟ್ಟಿಯಾಗಿ ಹೊಡೀಬೇಕಿತ್ತು," ಎಂದಳು.

"ಹೌದು."

"ಓರ್ಫಿಲಿಯಾಗೆ ನೀನೇ ಹೇಳ್ಬೇಕು. ಅವಳ ತಮ್ಮ ಅವನು. ನಿನ್ನ ಪರವಾಗಿ ನಾನು ಬಾಯಿ ನೋಯಿಸ್ಕೊಳ್ಳಲ್ಲ. ಅವಳು ನಿನ್ನ ಬಿಟ್ರೂ ನಾನು ಬೇಡ ಅನ್ನಲ್ಲ."

"ಹೇಳ್ತೀನಿ."

"ಫೋನಲ್ಲಲ್ಲ. ಮುಖ ನೋಡಿ."

"ಮುಖ ನೋಡಿ," ಎಂದ ಅವನು.

ಸ್ಮಶಾನ ಕಾಲುವೆಯ ಬಾಯಿಯಲ್ಲಿ, ಒಂದಿಷ್ಟು ಎತ್ತರದ ಮರಳ ದಿಬ್ಬದ ಮೇಲಿತ್ತು. ಅಲ್ಲಿಂದ ಸಮುದ್ರವೂ ಕಾಣುತ್ತದೆ, ಸರೋವರವೂ ಕಾಣುತ್ತದೆ. ಅವನನ್ನು ದಂಡೆಗೆ ಎಳೆಯುವಾಗ ಕೆಸರಿನಲ್ಲಿ ಅವಳು ಒಮ್ಮೆ ಬಿದ್ದಳು. ಅವನ ಮೇಲೆಯೇ ಬಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡರು. "ದರಿದ್ರದವನೇ," ಎಂದಳು ಅವಳು, ಬಾಯಿಯ ಕೆಸರು ಉಗಿದು. ಅದು ನಿನ್ನೆಯಿಂದ ಅವಳು ಅವನಿಗೆ ಅಂದ ಮೊದಲ ಬೈಗುಳ. ಅವನು ಕಣ್ಣು ಮುಚ್ಚಿಕೊಂಡ. ಅವಳು ಅವನ ಕಂಕುಳಿಗೆ ಮತ್ತೆ ಕೈ ಹಾಕಿದಳು. ಈ ಸಲ ಅವನೂ ಮೊಣಕೈಗಳನ್ನು ಮರಳಿಗೆ ಊರಿ ನೂಕಿಕೊಂಡ.

ಹೆಸ್ಟನನ ಮರದ ಶಿಲುಬೆಗೆ ನೀಲಿ ಬಣ್ಣ ಹಚ್ಚಿದ್ದರು. ಮಳೆಗಾಲದ ನಂತರ ಯಾರೂ ಬಂದಿರಲಿಲ್ಲ. ಹೆಸರು ಕಾಣದಷ್ಟು ಎತ್ತರಕ್ಕೆ ಕತ್ತಿಯಂಚಿನ ಹುಲ್ಲು ಬೆಳೆದಿತ್ತು. ದೋಲ್ಮೀರಾ ದೋಣಿಗೆ ವಾಪಸು ಹೋಗಿ ಎರಡು ಮಚ್ಚು ತಂದಳು. ಒಂದನ್ನು ಅವನ ಕಡೆ ಎಸೆದಳು. ಅದು ಅವನ ಕಾಲಿನಿಂದ ಒಂದು ಗೇಣು ದೂರದಲ್ಲಿ ಮರಳಿಗೆ ನಾಟಿತು. ಅವನ ಕಾಲು ಕದಲಲಿಲ್ಲ. ಅದಕ್ಕೆ ಹೆದರಲು ಗೊತ್ತಿರಲಿಲ್ಲ.

"ತಲೆ ಕಡೆಯಿಂದ ನೀನು," ಎಂದಳು. "ಬುಡಕ್ಕೆ ಕತ್ತರಿಸು. ಮೇಲೆ ಮೇಲೆ ಸವರಬೇಡ."

"ಗೊತ್ತು."

"ನಿಂಗೇನು ಗೊತ್ತು."

ಅವನು ಟ್ಯೂಬಿನ ಮೇಲೆ ಕೂತು, ಎಡಗೈಯಲ್ಲಿ ಹುಲ್ಲಿನ ಹಿಡಿ ಹಿಡಿದು ಬಲಗೈಯಿಂದ ಬುಡಕ್ಕೆ ಹೊಡೆಯತೊಡಗಿದ. ಕತ್ತರಿಸಿದಷ್ಟು ಜಾಗಕ್ಕೆ ಕೈಯೂರಿ ಸರಿಯುತ್ತಿದ್ದ, ಮತ್ತೆ ಕತ್ತರಿಸುತ್ತಿದ್ದ. ಅಂಗೈ ಸೀಳಿ ರಕ್ತ ಬಂತು, ಅವನು ಅಂಗಿಗೆ ಒರೆಸಿಕೊಂಡ. ಆ ಕಡೆಯಿಂದ ಅವಳು ಬಗ್ಗಿಕೊಂಡು ಬರುತ್ತಿದ್ದಳು. ಬಿಸಿಲು ಏರಿತು. ಕತ್ತರಿಸಿದ ಹುಲ್ಲಿನ ಹಸಿ ವಾಸನೆಯ ಮೇಲೆ ಉಪ್ಪುಗಾಳಿ ಬೀಸುತ್ತಿತ್ತು.

ಕೊನೆಗೆ ನಡುವೆ ಒಂದು ಮೊಳ ಹುಲ್ಲು ಉಳಿಯಿತು. ಎರಡು ಮಚ್ಚು ಒಟ್ಟಿಗೆ ಆಡಿಸಲು ಅಲ್ಲಿ ಜಾಗವಿರಲಿಲ್ಲ. ದೋಲ್ಮೀರಾ ತನ್ನದನ್ನು ಮರಳಿನ ಮೇಲಿಟ್ಟು, ತಲೆಯ ಬಟ್ಟೆ ಬಿಚ್ಚಿ ಕುತ್ತಿಗೆ ಒರೆಸಿಕೊಂಡು, ಸಮುದ್ರದ ಕಡೆ ಮುಖ ಮಾಡಿ ಕೂತಳು. ಅವಳ ಬೆನ್ನ ಹಿಂದೆ ಅವನು ಹುಲ್ಲು ಕತ್ತರಿಸುತ್ತಿದ್ದ.